ನಂಜಪ್ಪನ ಬಗ್ಗೆ ನಾನು ಬರೆದ ವರದಿ

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಸಮಾಜಕಾರ್ಯ ಓದಿ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವವರು. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಹೇಳಿ ಎಂದು ಕೇಳಿದರು. ನಾನು ಕಾಫಿ ಕೊಟ್ಟು, ಬೆಳಗಿನ ರೈಲು, ಕಾರ್ಖಾನೆಯ ಹೊಗೆ, ಸೀರೆಗೆ ಮೆತ್ತುತ್ತಿದ್ದ ಮಸಿ ಇಂಥದ್ದನ್ನೆಲ್ಲ ಹೇಳಿ ನಗಿಸಿ ಕಳಿಸಿದೆ. ಗೇಟು ಹಾಕಿ ಒಳಗೆ ಬಂದ ಮೇಲೆ, ಹೇಳಲೇಬೇಕಾದದ್ದನ್ನು ಮಾತ್ರ ಬಿಟ್ಟೆನಲ್ಲ ಅನ್ನಿಸಿತು. ಅದನ್ನು ಬಾಯಲ್ಲಿ ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಬರೆದು ನೋಡುತ್ತೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದು ಇದರಲ್ಲಿಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ನಮ್ಮ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿತ್ತು. ಅಪ್ಪನದು ಜವಳಿ ಅಂಗಡಿ. ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಬಿ.ಎ. ಮುಗಿಸಿ, ಒಂದು ವರ್ಷದ ತರಬೇತಿಯನ್ನೂ ಪಡೆದು, ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ವೆಲ್ಫೇರ್ ಕೆಲಸಕ್ಕೆ ಸೇರಿದೆ. ಆ ಊರಿನ ದೊಡ್ಡ ಕಾರ್ಖಾನೆಗಳ ಮುಂದೆ ಅದು ತೀರ ಸಣ್ಣದು. ಈಗ ಮುಚ್ಚಿ ಹೋಗಿದೆ, ಹೆಸರು ಬೇಡ. ಕೆಲಸಗಾರರಿಗಾಗಿ ನಾಲ್ಕು ಸಾಲು ಕ್ವಾರ್ಟರ್ಸ್ ಕಟ್ಟಿಸಿದ್ದರು. ಆ ಮನೆಗಳಿಗೆ ಹೋಗಿ ಹೆಂಗಸರು ಮಕ್ಕಳ ಯೋಗಕ್ಷೇಮ ವಿಚಾರಿಸಿ, ಡೈರಿಯಲ್ಲಿ ಬರೆದು, ಆಫೀಸಿಗೆ ಒಪ್ಪಿಸುವುದು ನನ್ನ ಕೆಲಸ.

"ಮನೆ ಮನೆ ಸುತ್ತೋದಕ್ಕೆ ಬಿ.ಎ. ಬೇಕಿತ್ತೇನೇ ಮಾರಾಯ್ತಿ?" ಎಂದು ಅಮ್ಮ ದಿನಾ ಬೆಳಿಗ್ಗೆ ಬುತ್ತಿ ಕಟ್ಟುವಾಗ ಕೇಳುತ್ತಿದ್ದಳು. ಬೇಕಿತ್ತು ಎಂದೇ ನಾನು ಗಟ್ಟಿಯಾಗಿ ನಂಬಿದ್ದೆ.

ನಮ್ಮ ವೆಲ್ಫೇರ್ ಆಫೀಸರ್ ಶ್ರೀಕಂಠಯ್ಯ ಕೆಟ್ಟವರಲ್ಲ. ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ಅವರಿಗೆ ತಜ್ಞರ ಮೇಲೆ ಬಹಳ ಭಕ್ತಿ. ಎರಡು ಮೂರು ತಿಂಗಳಿಗೊಮ್ಮೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಯಾರನ್ನಾದರೂ ಕರೆಸಿ ಕ್ಯಾಂಟೀನಿನ ಹಾಲಿನಲ್ಲಿ ಉಪನ್ಯಾಸ ಮಾಡಿಸುತ್ತಿದ್ದರು. ಬಂದವರು ಬಹುಪಾಲು ಇಂಗ್ಲಿಷಿನಲ್ಲಿ ಮಾತಾಡುವವರು. ಪಕ್ಕದಲ್ಲಿ ನಿಂತು ಕನ್ನಡಕ್ಕೆ ಹೇಳುವವಳು ನಾನು. ಕೂತು ಕೇಳುವವರಲ್ಲಿ ಅರ್ಧ ಜನ ತಮಿಳರು, ತೆಲುಗರು. ಮುಗಿದ ಮೇಲೆ ಕೊಡುವ ಬೋಂಡಾ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು.

ಸೇರಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿದೆ. ಬಂದಿದ್ದ ಪ್ರೊಫೆಸರರು ನೆಮ್ಮದಿಯ ಬಾಳಿನ ಬಗ್ಗೆ ಮಾತಾಡುತ್ತ, ವಾರಕ್ಕೊಮ್ಮೆ ನಿಮ್ಮ ಕಮ್ಯುನಿಟಿಯ ಜೊತೆ ಕೂತು ಕಷ್ಟಸುಖ ಹಂಚಿಕೊಳ್ಳಿ ಎಂದರು. ಆ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ಚಟ್ಟನೆ ಹೊಳೆಯಲಿಲ್ಲ. "ನಿಮ್ಮ ನಿಮ್ಮ ಜನಾಂಗದವರ ಜೊತೆ ಕೂತ್ಕೊಳ್ಳಿ" ಅಂದುಬಿಟ್ಟೆ. ಮುಂದಿನ ಭಾನುವಾರ ಕ್ವಾರ್ಟರ್ಸಿಗೆ ಹೋಗಿ ನೋಡುತ್ತೇನೆ, ಒಂದೇ ನಲ್ಲಿಯ ಸುತ್ತ ಹರಟೆ ಹೊಡೆಯುತ್ತಿದ್ದ ಹೆಂಗಸರು ನಾಲ್ಕು ಕಡೆ ನಾಲ್ಕು ಗುಂಪಾಗಿ ಕೂತಿದ್ದಾರೆ. "ನೀವೇ ಹೇಳಿದ್ರಲ್ಲ ಅಕ್ಕೋರೆ" ಅಂದರು. ಅದನ್ನು ಸರಿಮಾಡಲು ಎರಡು ತಿಂಗಳು ಬೇಕಾಯಿತು. ಶ್ರೀಕಂಠಯ್ಯನವರು ನಕ್ಕುಬಿಟ್ಟರು, ನಾನೂ ನಕ್ಕೆ. ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಏನಾಗಬಹುದು ಎನ್ನುವುದನ್ನು ನಾನು ಅಲ್ಲೇ ಕಲಿಯಬೇಕಿತ್ತು, ಕಲಿಯಲಿಲ್ಲ.

ನಂಜಪ್ಪ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಹೊನ್ನಾಳಿ ಕಡೆಯ ಒಕ್ಕಲಿನ ಮನೆಯಿಂದ ಬಂದವನು. ಹೆಂಡತಿ ಗೌರಮ್ಮ, ಮಕ್ಕಳಿರಲಿಲ್ಲ. ಕರಗಿದ ಕಬ್ಬಿಣ ತುಂಬಿದ ದೊಡ್ಡ ತೊಟ್ಟಿಯನ್ನು ಕ್ರೇನಿನಲ್ಲಿ ಎತ್ತಿ ಅಚ್ಚುಗಳ ಮೇಲಕ್ಕೆ ಒಯ್ಯುವುದು ಅವನ ಕೆಲಸ. ಒಂದು ದಿನ ಹಾಗೆ ಒಯ್ಯುತ್ತಿದ್ದಾಗ ಸರಪಳಿಯ ಕೊಂಡಿ ಕಳಚಿ ತೊಟ್ಟಿ ವಾಲಿತು. ಕೆಳಗಿದ್ದ ಒಬ್ಬ ಕೆಲಸಗಾರ ಅಲ್ಲೇ ಹೋದ. ವಿಚಾರಣೆಯಾಯಿತು, ನಂಜಪ್ಪನ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಅವನು ಕೆಲಸಕ್ಕೆ ಮರಳಿದ. ಆದರೆ ಮಾತು ನಿಂತುಹೋಗಿತ್ತು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ, ಅಷ್ಟೆ.

ನಾನು ಅವರ ಮನೆಗೆ ಹೋಗತೊಡಗಿದ್ದು ಆಮೇಲೆ. ಗೌರಮ್ಮ ಮೊದಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದಳು. ನಾಲ್ಕಾರು ಸಲ ಹೋದ ಮೇಲೆ ಒಳಗೆ ಕರೆದು ಚಾಪೆ ಹಾಕಿದಳು. ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ ಕೂತಿದ್ದವಳು, ತಾನಾಗಿಯೇ ಹೇಳಿದಳು.

"ಇವ್ರು ಕ್ರೇನ್ ಹತ್ತಾದೇ ಇಲ್ಲ ಅಕ್ಕೋರೆ. ಮೊದಲ್ನೇ ದಿನ ಹತ್ತಿದ್ರಂತೆ, ಕೈ ಆಡ್ಲಿಲ್ವಂತೆ. ಪಕ್ಕದ್ಮನೆ ಆರ್ಮುಗಣ್ಣ ಇದಾರಲ್ಲ, ಅವ್ರಿಗೂ ಆ ಕೆಲಸ ಗೊತ್ತು. ಅವ್ರು ಮ್ಯಾಲೆ ಹತ್ತಿ ನಡೆಸ್ತಾರೆ. ಇವ್ರು ಕೆಳಗೆ ಆರ್ಮುಗಣ್ಣನ ಜಾಗದಲ್ಲಿ ಅಚ್ಚಿನ ಮರಳು ಜರಡಿ ಹಿಡೀತಾರೆ. ಮೇಸ್ತ್ರಿ ನೋಡಿದ್ರೂ ನೋಡ್ದಂಗೆ ಇರ್ತಾರೆ."

"ಎಷ್ಟು ದಿನದಿಂದ?"

"ಏಳೆಂಟು ತಿಂಗಳಾಯ್ತು. ಮನೇಲೂ ಅಷ್ಟೇ, ಸಾಯಂಕಾಲ ಆದ್ರೆ ಆರ್ಮುಗಣ್ಣನ ಹೆಂಡ್ತಿ ವಳ್ಳಿಯಕ್ಕನ ಜಗಲಿ ಮ್ಯಾಲೆ ಹೋಗಿ ಕೂತ್ಕೋತಾರೆ. ಅವ್ಳು ಒರಳಿನ ಮುಂದೆ ಕೂರಿಸ್ತಾಳೆ, ಇವ್ರು ಇಡ್ಲಿ ಹಿಟ್ಟು ರುಬ್ಬಿ ಕೊಡ್ತಾರೆ. ಮೊನ್ನೆ ಉಪ್ಪು ಜಾಸ್ತಿ ಆಯ್ತು ಅಂತ ಒಂದು ಮಾತಾಡಿದ್ರಂತೆ. ಅವ್ಳು ಓಡ್ಬಂದು ನಂಗೆ ಹೇಳಿದ್ಲು." ಗೌರಮ್ಮ ಮೊರವನ್ನು ಕೆಳಗಿಟ್ಟಳು. "ಹೊರಗೆ ಎಲ್ಲೂ ಆಡ್ಬೇಡಿ ಅಕ್ಕೋರೆ."

ನಾನು ಆಡುವುದಿಲ್ಲ ಎಂದೆ.

ವಾಪಸು ಹೋಗುವಾಗ ಪಕ್ಕದ ಮನೆಯ ವಳ್ಳಿಯಮ್ಮನನ್ನು ಮಾತಾಡಿಸಿದೆ. ಆರ್ಮುಗಂನ ಹೆಂಡತಿ, ಸೇಲಂ ಕಡೆಯವಳು. "ಅಣ್ಣ ಮಾತಾಡಲ್ಲ ಅಂದ್ರೆ ಏನಮ್ಮಾ? ಕೈ ಕೆಲ್ಸ ಮಾಡ್ತದೆ. ಮಾತು ನಿಧಾನಕ್ಕೆ ಬರ್ತದೆ" ಅಂದಳು. ಅದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ.

ಅದೇ ತಿಂಗಳು ಬೆಂಗಳೂರಿನಿಂದ ಮನೋರೋಗದ ಡಾಕ್ಟರೊಬ್ಬರು ಉಪನ್ಯಾಸಕ್ಕೆ ಬಂದರು. ನಡುವಯಸ್ಸಿನವರು, ಮೆದುಮಾತು. ನಾನು ಕೇಳಿದ ಉಪನ್ಯಾಸಗಳಲ್ಲೆಲ್ಲ ಅದೇ ಒಳ್ಳೆಯದು. ಮನಸ್ಸಿನ ಆರೋಗ್ಯ ಒಬ್ಬನ ಕೈಯಲ್ಲಿಲ್ಲ, ಅವನ ಸುತ್ತ ಇರುವವರ ಕೈಯಲ್ಲಿದೆ, ಕುಸಿದವನಿಗೆ ಔಷಧಿಗಿಂತ ಮೊದಲು ಬೇಕಾದದ್ದು ಅವನನ್ನು ಬಿಟ್ಟುಕೊಡದ ನಾಲ್ಕು ಜನ ಎಂದರು. ನಾನು ಕನ್ನಡಕ್ಕೆ ಹೇಳುತ್ತ ಹೋದೆ. ನನ್ನ ಕಣ್ಣ ಮುಂದೆ ವಳ್ಳಿಯಮ್ಮನ ಜಗಲಿಯೇ ಇತ್ತು.

ಉಪನ್ಯಾಸ ಮುಗಿದ ಮೇಲೆ ಆಫೀಸಿನಲ್ಲಿ ಕಾಫಿ ಕುಡಿಯುತ್ತ ಡಾಕ್ಟರು, ನಮ್ಮ ದೇಶದಲ್ಲಿ ಇಂಥದ್ದಕ್ಕೆ ಬರಹದಲ್ಲಿ ದಾಖಲೆಯೇ ಸಿಗುವುದಿಲ್ಲ ಎಂದು ಬೇಸರಪಟ್ಟರು. ನಾನು ತಡೆಯಲಾರದೆ, "ನಮ್ಮಲ್ಲಿ ಇದೆ ಸಾರ್" ಅಂದೆ. ಅವರ ಮುಖ ಅರಳಿತು. ಬರೆದು ಕಳಿಸಿ, ಬಹಳ ಉಪಕಾರವಾಗುತ್ತದೆ ಎಂದರು. ಶ್ರೀಕಂಠಯ್ಯನವರಿಗೂ ಹೆಮ್ಮೆ. "ಹೆಸರು ಬಿಡ್ಬೇಡಿ ಗಿರಿಜಮ್ಮ, ಹೆಸರಿಲ್ದಿದ್ರೆ ಕಥೆ ಥರ ಆಗುತ್ತೆ" ಎಂದರು.

ಮೂರು ದಿನ ಕೂತು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ನಂಜಪ್ಪ, ಆರ್ಮುಗಂ, ಮೇಸ್ತ್ರಿ ಎಲ್ಲರ ಹೆಸರೂ ಬಂತು. ಯಾರು ಯಾರ ಕೆಲಸ ಮಾಡುತ್ತಾರೆ, ಎಷ್ಟು ತಿಂಗಳಿಂದ, ಎಲ್ಲ ಬಂತು. ಗೌರಮ್ಮನಿಗೆ ಕೊಟ್ಟ ಮಾತು ನೆನಪಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಕೆಟ್ಟದ್ದನ್ನು ಆಡಿದರೆ ತಾನೇ ಚಾಡಿ, ಇದು ಹೊಗಳಿಕೆಯಲ್ಲವೇ ಎಂದುಕೊಂಡೆ. ಅಷ್ಟೊಂದು ಪ್ರೀತಿಯಿಂದ ನಾನು ಇನ್ನೇನನ್ನೂ ಬರೆದಿಲ್ಲ.

ಒಂದು ಪ್ರತಿ ಡಾಕ್ಟರಿಗೆ ಹೋಯಿತು. ಇನ್ನೊಂದನ್ನು ಶ್ರೀಕಂಠಯ್ಯನವರು, ನಮ್ಮ ಇಲಾಖೆಯ ಕೆಲಸ ನೋಡಲಿ ಎಂದು, ಕಾರ್ಖಾನೆಯ ಮ್ಯಾನೇಜರ್‌ಗೆ ಕಳಿಸಿದರು.

ಮ್ಯಾನೇಜರ್ ನನ್ನನ್ನು ಕರೆಸಿದಾಗ ಅಭಿನಂದಿಸುತ್ತಾರೆ ಎಂದುಕೊಂಡೇ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಪರವಾನಗಿ ಇಲ್ಲದೋನು ಏಳೆಂಟು ತಿಂಗಳಿಂದ ನನ್ನ ಕ್ರೇನ್ ನಡೆಸ್ತಿದಾನೆ. ನಾಳೆ ಇನ್ನೊಬ್ಬನ ಮೇಲೆ ಕಬ್ಬಿಣ ಸುರಿದ್ರೆ ಅವನ ಹೆಂಡ್ತಿಗೆ ನೀವು ಏನು ಹೇಳ್ತೀರಿ?" ಅವರು ಹೇಳಿದ್ದರಲ್ಲಿ ಸುಳ್ಳು ಏನಿತ್ತು?

ಆರ್ಮುಗಂಗೆ ಒಂದು ತಿಂಗಳು ಸಸ್ಪೆನ್ಷನ್ ಆಯಿತು. ಬಂದ ಮೇಲೆ ಕೂಲಿಯಾಳಿನ ಸಾಲಿಗೆ ಇಳಿಸಿದರು. ಮೇಸ್ತ್ರಿಯನ್ನು ಬೇರೆ ಕಡೆ ಹಾಕಿದರು. ನಂಜಪ್ಪನನ್ನು ಕಾರ್ಖಾನೆಯ ಡಾಕ್ಟರ ಪರೀಕ್ಷೆಗೆ ಕಳಿಸಿದರು. ಕೆಲಸಕ್ಕೆ ಅನರ್ಹ ಎಂದು ಕಾಗದ ಬಂತು. ಅದರ ಜೊತೆ ನನ್ನ ವರದಿಯ ನಕಲನ್ನೂ ಲಗತ್ತಿಸಿದ್ದರು. ಕೆಲಸ ಹೋದವನು ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕೆಂಬುದು ನಿಯಮ.

ನಾನು ಇನ್ನೊಂದು ವರದಿ ಬರೆದೆ. ಮೊದಲನೆಯದರಲ್ಲಿ ಉತ್ಪ್ರೇಕ್ಷೆಯಿದೆ, ನಂಜಪ್ಪ ಆಗಾಗ ಮಾತ್ರ ಕೆಳಗೆ ಕೆಲಸ ಮಾಡುತ್ತಿದ್ದ ಎಂದು. ಶ್ರೀಕಂಠಯ್ಯನವರು ಓದಿ ಕನ್ನಡಕ ತೆಗೆದಿಟ್ಟರು.

"ಎರಡರಲ್ಲಿ ಯಾವುದು ಸುಳ್ಳು ಗಿರಿಜಮ್ಮ?"

"ಇದು ಸಾರ್."

"ಮತ್ತೆ ಇದನ್ನ ತಗೊಂಡು ನಾನೇನು ಮಾಡ್ಲಿ? ಮೇಲೆ ಕಳಿಸಿದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಅವನದ್ದೂ ವಾಪಸ್ ಬರಲ್ಲ." ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ನಾನು ಹಠ ಹಿಡಿಯಬಹುದಿತ್ತು. ನಮ್ಮ ಮನೆಯಲ್ಲಿ ನನ್ನ ಸಂಬಳ ನಂಬಿ ಯಾರೂ ಕೂತಿರಲಿಲ್ಲ. ಆದರೂ ಸುಮ್ಮನಾದೆ.

ಅವರು ಮನೆ ಖಾಲಿ ಮಾಡಿದ ದಿನ ನಾನು ಅಲ್ಲಿದ್ದೆ. ಮಲವಗೊಪ್ಪದಲ್ಲಿ ಗೌರಮ್ಮನ ದೂರದ ಸಂಬಂಧಿಯೊಬ್ಬರು ಒಂದು ಕೋಣೆ ಕೊಡಿಸಿದ್ದರು. ಬಾಗಿಲಲ್ಲಿ ಎತ್ತಿನಗಾಡಿ ನಿಂತಿತ್ತು. ಪಾತ್ರೆ, ಟ್ರಂಕು, ಹಾಸಿಗೆ ಗಾಡಿಗೆ ಏರಿದವು. ಅಷ್ಟರಲ್ಲಿ ನಂಜಪ್ಪ ಎಂದಿನ ಹಾಗೆ ಪಕ್ಕದ ಮನೆಯ ಜಗಲಿಗೆ ಹೋಗಿ ಕೂತುಬಿಟ್ಟ. ಆರ್ಮುಗಂ ಒಳಗಿಂದ ಬಂದ.

"ಏಳು ನಂಜಪ್ಪ. ಇಲ್ಲಿ ಕೂತ್ಕೋಬೇಡ."

ನಂಜಪ್ಪ ಅವನ ಮುಖ ನೋಡಿದ.

"ಎಂಟು ತಿಂಗಳು ನಿನ್ ಕೆಲ್ಸ ನಾನ್ ಮಾಡ್ದೆ. ನಿನ್ ಹೆಂಡ್ತಿ ಹೋಗಿ ಆಫೀಸಲ್ಲಿ ಹೇಳಿ ನನ್ ಹೊಟ್ಟೆ ಮೇಲೆ ಹೊಡೆದ್ಲು. ಏಳು."

ಗಾಡಿಯ ಬಳಿ ನಿಂತಿದ್ದ ಗೌರಮ್ಮ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು. ಅವಳು ಆಫೀಸಿಗೆ ಹೇಳಿಲ್ಲ, ಬರೆದವಳು ನಾನು ಎಂದರೆ ಮುಗಿಯುತ್ತಿತ್ತು. ಸಾಲಿನ ಜನವೆಲ್ಲ ಬಾಗಿಲಿಗೆ ಬಂದಿದ್ದರು. ಹೇಳಲು ನನಗೆ ಬಾಯಿ ಬರಲಿಲ್ಲ. ಗೌರಮ್ಮ ಹೋಗಿ ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು. ವಳ್ಳಿಯಮ್ಮ ಹೊರಗೆ ಬರಲೇ ಇಲ್ಲ.

ವಾರದ ಮೇಲೆ ನಾನೇ ಆರ್ಮುಗಂನ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವನು ಕೇಳಿಸಿಕೊಂಡ. "ಬರ್ದೋರು ನೀವು, ಬಾಯಿ ಬಿಟ್ಟೋರು ಅವ್ರು. ನಂಗೆ ಎರಡೂ ಒಂದೇ ಅಮ್ಮಾ" ಅಂದ. ಒಳಗಿನಿಂದ ವಳ್ಳಿಯಮ್ಮ, ನನ್ನ ಮುಖ ನೋಡದೆ ಕೇಳಿದಳು. "ನಾವು ಸುಮ್ನೆ ನೋಡ್ಕೊಂಡಿದ್ವಿ ಅಲ್ಲ? ಏನ್ಕೆ ಬರ್ದ್ರಿ?"

ಆಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಡೈರಿ ಹೋಗಿ ಅಚ್ಚು ಹಾಕಿದ ಕಾರ್ಡುಗಳು ಬಂದವು. ಒಂದೊಂದು ಮನೆಗೆ ಒಂದೊಂದು ಕಾರ್ಡು. ಕೊನೆಯ ಸಾಲಿನಲ್ಲಿ ಮನಃಸ್ಥಿತಿ: ಉತ್ತಮ, ಸಾಧಾರಣ, ಕೆಟ್ಟದ್ದು. ನಾನು ಅಲ್ಲಿದ್ದಷ್ಟು ವರ್ಷ ಎಲ್ಲರಿಗೂ ಸಾಧಾರಣ ಎಂದೇ ಗುರುತು ಹಾಕಿದೆ. ಯಾರೂ ಏಕೆಂದು ಕೇಳಲಿಲ್ಲ. ಬಾಗಿಲಿಗೆ ಹೋದರೆ ಹೆಂಗಸರು, "ಎಲ್ಲ ಚೆನ್ನಾಗಿದೆ ಅಕ್ಕೋರೆ, ಬರ್ಕೊಳ್ಳಿ" ಅನ್ನುತ್ತಿದ್ದರು. ಯಾರೂ ಚಾಪೆ ಹಾಕುತ್ತಿರಲಿಲ್ಲ.

ಆರು ತಿಂಗಳ ಮೇಲೆ ಅದೇ ಡಾಕ್ಟರು ಶಿವಮೊಗ್ಗದಲ್ಲಿ ಒಂದು ಸಭೆಗೆ ಬಂದರು. ವಕೀಲರು, ಮೇಷ್ಟರುಗಳು, ಊರಿನ ದೊಡ್ಡವರು ಸೇರಿದ್ದರು. ನಮ್ಮ ಅಪ್ಪನೂ ನನ್ನ ಜೊತೆ ಬಂದಿದ್ದ. ಡಾಕ್ಟರು ಭದ್ರಾವತಿಯ ಒಬ್ಬ ಕಾರ್ಮಿಕನ ಉದಾಹರಣೆ ಕೊಟ್ಟರು. ಜೊತೆಯವರು ಅವನನ್ನು ಹೇಗೆ ಎತ್ತಿ ಹಿಡಿದರು ಎಂಬುದನ್ನು ಬಹಳ ಸೊಗಸಾಗಿ ಹೇಳಿದರು. ನನ್ನ ವಾಕ್ಯಗಳೇ ಅಲ್ಲಲ್ಲಿ ಬಂದವು. ಜನ ಚಪ್ಪಾಳೆ ತಟ್ಟಿದರು. ಅವರಿಗೆ ಆಮೇಲಿನದು ಗೊತ್ತಿರಲಿಲ್ಲ. ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ.

"ಆ ಮನುಷ್ಯನಿಗೆ ಕೆಲಸ ಹೋಯ್ತು ಸಾರ್. ಮನೆ ಹೋಯ್ತು. ಎತ್ತಿ ಹಿಡಿದೋರು ಈಗ ಅವನ ಮುಖ ನೋಡಲ್ಲ. ಈಗ ಏನು ಮಾಡ್ಬೇಕು?"

ಅವರಿಗೆ ನಿಜವಾಗಿಯೂ ನೋವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. "ಅದು ವೈದ್ಯರು ಉತ್ತರಿಸುವ ಪ್ರಶ್ನೆಯಲ್ಲ. ಸಮಾಜಕಾರ್ಯದವರನ್ನು ಕೇಳಬೇಕು" ಅಂದರು. ಸಮಾಜಕಾರ್ಯದವಳು ನಾನೇ. ಕೂತುಕೊಂಡೆ. ಅಪ್ಪ ನನ್ನ ಕೈಯ ಮೇಲೆ ಕೈ ಇಟ್ಟ.

ಮಲವಗೊಪ್ಪ ನಾನು ಓಡಾಡುವ ದಾರಿಯಲ್ಲೇ ಇತ್ತು. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಅಲ್ಲಿಳಿಯುತ್ತಿದ್ದೆ. ಗೌರಮ್ಮ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು. ನಂಜಪ್ಪ ಬೆಳಿಗ್ಗೆ ಎದ್ದವನೇ ಕಾರ್ಖಾನೆಯ ಖಾಕಿ ಅಂಗಿ ತೊಟ್ಟು ಭದ್ರಾವತಿಗೆ ನಡೆದುಬಿಡುತ್ತಿದ್ದ. ಮೂರು ತಾಸಿನ ದಾರಿ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುತ್ತಿದ್ದ. ಹಳಬರು ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು. ಆರ್ಮುಗಂ ಸೈಕಲ್ ಇಳಿಯದೆ ಹೋಗುತ್ತಿದ್ದ. ಒಂದು ದಿನ ರಸ್ತೆಯಲ್ಲಿ ಲಾರಿಯಡಿ ಸಿಕ್ಕಿ ಸಾಯುವುದರಲ್ಲಿದ್ದ ಎಂದು ಯಾರೋ ಮನೆಗೆ ಕರೆತಂದು ಬಿಟ್ಟರು. ಅಂದಿನಿಂದ ಗೌರಮ್ಮ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗತೊಡಗಿದಳು. ಒಳಗಿನಿಂದ ಬಾಗಿಲು ಬಡಿಯುವ ಸದ್ದಿಗೆ ಅಕ್ಕಪಕ್ಕದವರು ಜಗಳಕ್ಕೆ ಬಂದರು.

ಕೊನೆಗೆ ಬೆಂಗಳೂರಿನ ಮನೋರೋಗದ ಆಸ್ಪತ್ರೆಗೆ ಸೇರಿಸುವುದೆಂದಾಯಿತು. ಜೊತೆಗೆ ಹೋದವಳು ನಾನೇ. ರೈಲಿನಲ್ಲಿ ನಂಜಪ್ಪ ಕಿಟಕಿಯ ಪಕ್ಕ ಕೂತು, ಭದ್ರಾವತಿ ಸ್ಟೇಷನ್ ಬಂದಾಗ ಇಳಿಯಲು ಎದ್ದ. ಗೌರಮ್ಮ ಸೆರಗಿನ ತುದಿಯನ್ನು ಅವನ ಕೈಗೆ ಕಟ್ಟಿಕೊಂಡಿದ್ದಳು. "ಇನ್ನೂ ಬಂದಿಲ್ಲ, ಕೂತ್ಕೊಳ್ಳಿ" ಎಂದಳು. ಅವನು ಕೂತ. ರೈಲು ಹೊರಟ ಮೇಲೆ ಅವನು ಹೆಂಡತಿಯನ್ನೇ ಬಹಳ ಹೊತ್ತು ನೋಡಿದ.

ಆಸ್ಪತ್ರೆಯವರು ಫಾರಂ ಕೊಟ್ಟರು. ನಾನು ತುಂಬಿಸಿದೆ. ಯಾರಿಗೆ ತಿಳಿಸಬೇಕು ಎಂಬಲ್ಲಿ ಗೌರಮ್ಮನ ಹೆಸರು ಬರೆದು ವಿಳಾಸ ಕೇಳಿದೆ. "ಆ ರೂಮು ಎಷ್ಟು ದಿನಾನೋ. ನಿಮ್ಮ ಆಫೀಸಿಂದೇ ಕೊಡಿ" ಎಂದಳು. ಹಾಗೇ ಬರೆದೆ.

ಮರುದಿನ ಶಿವಮೊಗ್ಗ ಸ್ಟೇಷನ್ನಿನಲ್ಲಿ ಇಳಿದಾಗ ಅವಳು ಗಂಟನ್ನು ಕೆಳಗಿಟ್ಟು ನಿಂತಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನೀವು ನಮ್ಮನೆ ಹತ್ರ ಬರ್ಬೇಡಿ ಅಕ್ಕೋರೆ. ನೀವು ಬಂದು ಹೋದ್ರೆ, ಈ ಮನೇಲಿ ಏನೋ ಆಗಿದೆ ಅಂತ ಜನಕ್ಕೆ ಗೊತ್ತಾಗ್ತದೆ." ಅಷ್ಟು ಹೇಳಿ ಗಂಟೆತ್ತಿಕೊಂಡು ಹೋದಳು. ನಾನು ಅವಳ ಮಾತು ನಡೆಸಿದೆ. ಒಮ್ಮೆ ಕೊಟ್ಟ ಮಾತನ್ನು ಮುರಿದವಳಿಗೆ ಇದನ್ನಾದರೂ ಉಳಿಸಿಕೊಳ್ಳಬೇಕು ಎನ್ನಿಸಿತ್ತು. ಅದೂ ತಪ್ಪೇ ಆಯಿತು.

ವರ್ಷ ತುಂಬುವ ಹೊತ್ತಿಗೆ ಆಫೀಸಿಗೆ ಒಂದು ಅಂಚೆ ಕಾರ್ಡು ಬಂತು. ಜ್ವರ ಬಂದು ನಂಜಪ್ಪ ತೀರಿಕೊಂಡಿದ್ದ. ಗೌರಮ್ಮನಿಗೆ ತಿಳಿಸಿ ಎಂದು ಬರೆದಿದ್ದರು. ಅರ್ಧ ದಿನ ರಜೆ ಹಾಕಿ ಮಲವಗೊಪ್ಪಕ್ಕೆ ಹೋದೆ. ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಕೋಣೆಯ ಹೆಂಗಸನ್ನು ಕೇಳಿದೆ.

"ಗೌರಮ್ಮನಾ? ಯಾರು, ಗಿರಣಿಗೆ ಹೋಗ್ತಿದ್ಲಲ್ಲ ಅವ್ಳಾ? ಅವ್ಳ ಹೆಸ್ರು ಗೌರಮ್ಮನಾ?" ಅವಳು ಬಾಗಿಲಿಗೊರಗಿ ನಿಂತು ಯೋಚಿಸಿದಳು. "ಯುಗಾದಿ ಮುಂಚೆನೇ ಹೋದ್ಲು. ಎಲ್ಲಿಗೆ ಅಂತ ನಾನ್ ಕೇಳ್ಲಿಲ್ಲ."

ಕೋಣೆ ಕೊಡಿಸಿದ್ದ ಸಂಬಂಧಿ ತೀರಿಹೋಗಿದ್ದರು. ಗಿರಣಿಯ ಮೇಸ್ತ್ರಿ, ಒಂದಷ್ಟು ಹೆಂಗಸರು ದಾವಣಗೆರೆ ಕಡೆ ಹತ್ತಿ ಮಿಲ್ಲಿಗೆ ಹೋದರು, ಅವರಲ್ಲಿ ಇದ್ದರೂ ಇರಬಹುದು ಎಂದ. ದಾವಣಗೆರೆಗೆ ಎರಡು ಸಲ ಹೋಗಿ ಕೇಳಿದೆ. ಹೊನ್ನಾಳಿ ಕಡೆಯ ನಂಜಪ್ಪನ ಮನೆಯವರಿಗೆ ಬರೆದೆ, ಉತ್ತರ ಬರಲಿಲ್ಲ. ಆರ್ಮುಗಂನ ಮನೆಗೆ ಹೋಗಿ ಸಾವಿನ ಸುದ್ದಿ ಹೇಳಿದಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂತ. ಗೌರಮ್ಮ ಎಲ್ಲಿದ್ದಾಳೆಂದು ಅವನಿಗೂ ಗೊತ್ತಿರಲಿಲ್ಲ.

ಹುಡುಗಿಯರೇ, ಇದರಿಂದ ನೀವೇನು ಕಲಿಯಬೇಕು ಎಂದು ಹೇಳುವ ಶಕ್ತಿ ನನಗಿಲ್ಲ. ಆಮೇಲೂ ಎಷ್ಟೋ ವರ್ಷ ಇದೇ ಕೆಲಸ ಮಾಡಿದೆ, ಎಷ್ಟೋ ಉಪನ್ಯಾಸಗಳನ್ನು ಕನ್ನಡಕ್ಕೆ ಹೇಳಿದೆ. ಗೌರಮ್ಮನಿಗೆ ಗಂಡ ಹೋದ ಸುದ್ದಿ ಮುಟ್ಟಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಟ್ಟಿರದಿದ್ದರೆ, ಅವಳು ಯಾವುದೋ ಊರಿನಲ್ಲಿ ಬೆಳಿಗ್ಗೆ ಎದ್ದು ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು, ಇವತ್ತಲ್ಲ ನಾಳೆ ಆಸ್ಪತ್ರೆಯಿಂದ ಅವರನ್ನು ಕಳಿಸುತ್ತಾರೆ ಎಂದು ಕಾಯುತ್ತಲೇ ಮುದುಕಿಯಾಗಿರುತ್ತಾಳೆ.